ಆಯಿ ಕೇಳಿದ ನೀರು

ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ಹಾಳೆ ಹಂಚುತ್ತಾರೆ. ಅದರ ಹಿಂಬದಿಯಲ್ಲಿ ಬೈಬಲ್ಲಿನಿಂದ ಆ ದಿನ ಓದಿದ ಶುಭಸಂದೇಶದ ಮೇಲೆ ಅರ್ಧ ಪುಟದ ಚಿಂತನೆ ಇರುತ್ತದೆ. ಓದಿದ್ದನ್ನು ಮನೆಯಲ್ಲಿ, ಕೆಲಸದ ಜಾಗದಲ್ಲಿ, ನೆರೆಹೊರೆಯವರ ಜೊತೆ ಹೇಗೆ ಬದುಕಬೇಕು ಅನ್ನುವಂಥ ಬರಹ. ಕೆಲವು ವರ್ಷಗಳಿಂದ ಅದನ್ನು ಬರೆಯುತ್ತಿರುವವಳು ನಾನು. ಹಳಬರು ಓದಿ, "ನೀ ಉಪದೇಶಿ ಪ್ರಭುದಾಸನ ಮಗಳಂತ ಗೊತ್ತಾಗ್ತದ ನೋಡವ್ವ, ಅಪ್ಪನ ಬುದ್ಧಿನೇ ಬಂದದ" ಎನ್ನುತ್ತಾರೆ. ನಾನು ನಕ್ಕು ಚಪ್ಪಲಿ ಹುಡುಕುವವಳಂತೆ ತಲೆ ತಗ್ಗಿಸುತ್ತೇನೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವನ ಮೇಲಿನ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಆರಿಸಿಕೊಳ್ಳಬೇಕೆಂದು ನಾನೂ ಅಂಥ ಪ್ರಯತ್ನವನ್ನೇನೂ ಪಟ್ಟಿಲ್ಲ.

ಆಗ ನಮ್ಮ ಮನೆ ಕಲಬುರಗಿಯ ಕುಸನೂರ ರಸ್ತೆಯಲ್ಲಿತ್ತು. ಎರಡೇ ಕೋಣೆ. ನೆಲಕ್ಕೂ ಫರಸಿ, ಮೇಲೆ ಹೊದಿಸಿದ್ದೂ ಫರಸಿ. ಬೇಸಿಗೆಯಲ್ಲಿ ಆ ಕಲ್ಲು ದಿನವೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ತಲೆಯ ಮೇಲೆ ಝಳ ಸುರಿಸುತ್ತಿತ್ತು. ಹೊರಗಿನ ಕೋಣೆ ಅಪ್ಪನದು. ಅಲ್ಲಿ ಅವನ ಸೈಕಲ್ಲು, ಗೋಡೆಯಲ್ಲಿ ಯೇಸುವಿನ ಪಟ, ಪಟದ ಕೆಳಗೆ ಒಂದು ಹಲಗೆ, ಹಲಗೆಯ ಮೇಲೆ ಮೇಣದಬತ್ತಿ ಮತ್ತು ಕಪ್ಪು ರಟ್ಟಿನ ಬೈಬಲ್ಲು. ಒಳಗಿನ ಕೋಣೆ ಅವ್ವನದು. ಅಲ್ಲಿ ಒಲೆ, ಜೋಳದ ಹಿಟ್ಟಿನ ಡಬ್ಬಿ, ನೀರಿನ ಕೊಡ, ಹಗ್ಗದ ಮೇಲೆ ನಮ್ಮೆಲ್ಲರ ಬಟ್ಟೆ. ನಾನೂ ನನ್ನ ತಂಗಿ ಸ್ಟೆಲ್ಲಾಳೂ ಎರಡರ ನಡುವಿನ ಹೊಸ್ತಿಲಲ್ಲಿ ಬೆಳೆದೆವು. ಅಪ್ಪ ಹಗಲೆಲ್ಲ ಸೈಕಲ್ಲಿನ ಮೇಲೆ ತಾಜಸುಲ್ತಾನಪುರ, ಅದರಾಚೆಯ ಹಳ್ಳಿ ಎಂದು ತಿರುಗುತ್ತಿದ್ದ. ಮಕ್ಕಳಿಗೆ ಜಪ ಕಲಿಸುವುದು, ಕಾಯಿಲೆಯವರ ಹಾಸಿಗೆಯ ಪಕ್ಕ ಕೂತು ಪ್ರಾರ್ಥಿಸುವುದು, ಗುರುಗಳು ಬರುವ ಮುಂಚೆ ಜನರನ್ನು ಕೂಡಿಸುವುದು ಅವನ ಕೆಲಸ. ಹೊರಗಿನವರ ಜೊತೆ ಅವನ ದನಿ ಬೆಣ್ಣೆಯಷ್ಟು ಮೃದು. ಪರರ ಮಕ್ಕಳ ತಲೆ ಸವರಿ ಮಾತಾಡಿಸುತ್ತಿದ್ದ. ಹೊಲೆಯರ ಕೇರಿಯಿಂದ ಬಂದವನಿಗೆ ಕುರ್ಚಿ ಕೊಟ್ಟು ಕೂರಿಸಿದ್ದು ಚರ್ಚು, ಆ ಋಣ ದೊಡ್ಡದು ಎಂದು ಅವನು ಹೇಳುತ್ತಿದ್ದದ್ದು ಸುಳ್ಳಲ್ಲ. ಆದರೆ ತನಗೆ ಸಿಕ್ಕ ಆ ಕುರ್ಚಿಯಲ್ಲಿ ಕೂತು ಅವನು ನಮ್ಮನ್ನು ನೆಲದ ಮೇಲೆ ಕೂರಿಸಿದ.

ಸಂಜೆ ಏಳಕ್ಕೆ ಪ್ರಾರ್ಥನೆ. ಅವ್ವ ಒಲೆ ಆರಿಸಿ ಬರಬೇಕು, ನಾವು ಕಾಲು ತೊಳೆದು ಮಂಡಿಯೂರಬೇಕು. ಜಪಸರ ಮುಗಿದ ಮೇಲೆ ಅಪ್ಪ ಆ ದಿನದ ಶುಭಸಂದೇಶ ಓದುತ್ತಿದ್ದ. ಚೆನ್ನಾಗಿ ಓದುತ್ತಿದ್ದ, ಅದನ್ನು ಇಲ್ಲವೆನ್ನಲಾರೆ. ಓದಿ, ಬೆರಳನ್ನು ಪುಟದ ನಡುವೆ ಇಟ್ಟು ಪುಸ್ತಕ ಮುಚ್ಚಿ, ಒಂದೊಂದಾಗಿ ನಮ್ಮ ಮುಖ ನೋಡುತ್ತಿದ್ದ. ಆಮೇಲೆ ಅದೇ ಪ್ರಶ್ನೆ.

"ಇವತ್ತಿನ ಶುಭಸಂದೇಶ ಈ ಮನ್ಯಾಗ ಯಾರಿಗಿ ಹೇಳ್ಯದ?"

ಉತ್ತರ ನಾವು ಹೇಳುವಂತಿರಲಿಲ್ಲ, ಅವನೇ ಹೇಳುತ್ತಿದ್ದ. ಎಣ್ಣೆ ತರದೆ ದೀಪ ಹಿಡಿದು ಬಂದ ಕನ್ಯೆಯರ ಕತೆ ಬಂದ ದಿನ ಅದು ನನಗೆ. ಚಿಮಣಿ ಎಣ್ಣೆ ತರಲು ಮರೆತಿದ್ದೆ. ತನ್ನ ಕಣ್ಣಿನ ತೊಲೆ ಬಿಟ್ಟು ಪರರ ಕಣ್ಣಿನ ರವೆ ಹುಡುಕುವವನ ಮಾತು ಬಂದ ದಿನ ಅದು ಆರು ವರ್ಷದ ಸ್ಟೆಲ್ಲಾಳಿಗೆ, ಅಕ್ಕನ ಮೇಲೆ ಚಾಡಿ ಹೇಳಿದ್ದಕ್ಕೆ. ಹಣ್ಣು ಬಿಡದ ಅಂಜೂರದ ಗಿಡದ ಕತೆ ಬಂದ ಸಂಜೆ ಅಪ್ಪ ಅವ್ವನ ಕಡೆ ನೋಡಿದ. ಎರಡು ಹೆಣ್ಣಾದ ಮೇಲೆ ಅವಳಿಗೆ ಮಕ್ಕಳಾಗಿರಲಿಲ್ಲ. "ತೋಟಗಾರ ಇನ್ನೊಂದು ವರ್ಷ ತಡೀರಿ ಅಂತ ಕೇಳ್ಕೊಂಡ. ನಾನೂ ತಡದೀನಿ," ಎಂದ. ಅವ್ವ ತಲೆ ಎತ್ತಲಿಲ್ಲ. ಮರುದಿನ ಅಪ್ಪನ ತಾಟಿಗೆ ಬಿದ್ದ ರೊಟ್ಟಿ ಅಂಗೈ ದಪ್ಪ, ಅಂಚೆಲ್ಲ ಸೀದದ್ದು. ಪುಂಡಿಪಲ್ಯದಲ್ಲಿ ಉಪ್ಪೇ ಇಲ್ಲ. ಅಪ್ಪ ಅಷ್ಟನ್ನೂ ಉಂಡು ಎದ್ದ. ಆ ಸಂಜೆ ಹೆಂಗಸರ ವಿಧೇಯತೆಯ ಮೇಲೆ ಅರ್ಧ ತಾಸು ಮಾತಾಡಿದ. ನಮ್ಮ ಮನೆಯ ಜಗಳಗಳು ಹೀಗೆ ಒಂದು ಒಲೆಯಿಂದ ಹೊರಟರೆ ಇನ್ನೊಂದು ಹಲಗೆಯ ಮೇಲಿನ ಪುಸ್ತಕದಿಂದ ಹೊರಡುತ್ತಿತ್ತು. ಕೂಗಾಟ ಇರುತ್ತಿರಲಿಲ್ಲ. ಕೂಗಾಡುವ ಮನೆಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅಪ್ಪನ ಊರು ಕಮಲಾಪುರ. ಅಲ್ಲಿ ಅವನ ಅಣ್ಣ ಸಾಯಬಣ್ಣ, ನಮ್ಮ ದೊಡ್ಡಪ್ಪ, ಅರ್ಧ ಎಕರೆ ಕೆಂಪು ಬಾಳೆ ಹಚ್ಚಿಕೊಂಡು ತಾಯಿಯನ್ನು ನೋಡಿಕೊಂಡಿದ್ದ. ಅಣ್ಣ ತಮ್ಮ ಇಬ್ಬರೂ ಹುಟ್ಟಿದ ಜಾತಿಯ ಅವಮಾನದಿಂದ ಓಡಿದವರೇ, ಓಡಿದ ದಾರಿ ಬೇರೆ. ಅಪ್ಪ ಶಿಲುಬೆಯ ಕಡೆ ಬಂದ, ದೊಡ್ಡಪ್ಪ ಬುದ್ಧವಿಹಾರದ ಕಡೆ ಹೋದ. ಅಪ್ಪ ಅವನಿಗೆ "ದೇವರಿಲ್ಲದವ" ಎನ್ನುತ್ತಿದ್ದ. ದೊಡ್ಡಪ್ಪ ಅಪ್ಪನಿಗೆ "ಫಾದರಗೋಳ ಚೀಲ ಹೊರಾಂವ" ಎನ್ನುತ್ತಿದ್ದ. ಆಯಿ, ಅಂದರೆ ಅವರ ತಾಯಿ ನಾಗಮ್ಮ, ಇಬ್ಬರ ದಾರಿಯನ್ನೂ ತುಳಿಯಲಿಲ್ಲ. ಅಮಾವಾಸ್ಯೆಗೆ ತನ್ನ ದೇವಿಗೆ ಕಾಯಿ ಒಡೆಸಿ, ಬಾಯಲ್ಲಿ ತಂಬಾಕು ಹಾಕಿಕೊಂಡು ಕಟ್ಟೆಯ ಮೇಲೆ ಕೂರುವ ಮುದುಕಿ. ಅಪ್ಪ ಹೆಸರು ಬದಲಿಸಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಅವಳು ಅವನನ್ನು ಭೀಮ್ಯಾ ಎಂದೇ ಕರೆಯುತ್ತಿದ್ದಳು. ಅವನು ತಿದ್ದಿದರೆ, "ನಾ ಹಡದದ್ದು ಭೀಮ್ಯಾಗ, ನಿಮ್ಮ ಪ್ರಭುದಾಸ ಯಾರು ನಂಗ ಗೊತ್ತಿಲ್ಲ," ಎಂದು ತಂಬಾಕು ಉಗಿಯುತ್ತಿದ್ದಳು.

ನನಗೆ ಹತ್ತು ವರ್ಷವಿದ್ದಾಗ, ಬೇಸಿಗೆ ರಜೆಯಲ್ಲಿ, ಆಯಿಗೆ ಜಾಸ್ತಿಯಾಗಿದೆ ಎಂದು ಕಮಲಾಪುರದಿಂದ ಸುದ್ದಿ ಬಂತು. ಸ್ಟೆಲ್ಲಾಳಿಗೆ ಜ್ವರ ಇದ್ದುದರಿಂದ ಅವ್ವ ಮನೆಯಲ್ಲೇ ಉಳಿದಳು. ಅಪ್ಪ ನನ್ನೊಬ್ಬಳನ್ನೇ ಕರೆದುಕೊಂಡು ಹುಮನಾಬಾದ್ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನು ತುಟಿ ಅಲುಗಿಸುತ್ತ ಜಪ ಮಾಡುತ್ತಿದ್ದ. ನಾವು ಹೋದಾಗ ಆಯಿ ನಡುಮನೆಯ ಹೊರಸಿನ ಮೇಲೆ ಮಲಗಿದ್ದಳು. ಬಾಯಿ ಒಂದು ಕಡೆ ವಾಲಿತ್ತು, ಎಡಗೈ ಕಟ್ಟಿಗೆಯ ಹಾಗೆ ಬಿದ್ದಿತ್ತು. ಕಣ್ಣು ಮಾತ್ರ ತೆರೆದಿದ್ದವು. ದೊಡ್ಡಪ್ಪ ಡಾಕ್ಟರನ್ನು ಕರೆತರಲು ಹೊರಟ. ಮಧ್ಯಾಹ್ನವಾಗುತ್ತಲೇ ದೊಡ್ಡವ್ವ ಹಾಸಿಗೆಯ ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು. ಮನೆಯಲ್ಲಿ ಉಳಿದವರು ಅಪ್ಪ, ಆಯಿ, ನಾನು.

ಆಯಿ ತುಟಿ ಅಲುಗಿಸಿದಳು. ನಾನು ಬಗ್ಗಿ ಕಿವಿ ಕೊಟ್ಟೆ. "ನೀರು," ಎಂದಳು. ಮಾತು ತೊದಲುತ್ತಿತ್ತು, ಆದರೆ ಅದರಲ್ಲಿ ಅನುಮಾನವಿರಲಿಲ್ಲ. ನಾನು ಓಡಿಹೋಗಿ ಕೊಡದಿಂದ ಒಂದು ಚರಿಗೆ ತುಂಬ ನೀರು ತಂದೆ. ಅಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಆಯಿಯ ಹಣೆಯ ಮೇಲಿನ ಕೂದಲು ಸರಿಸಿ ನೀರು ಸುರಿದ. ಪಿತನ ಹೆಸರಿನಲ್ಲಿ ಒಮ್ಮೆ, ಸುತನ ಹೆಸರಿನಲ್ಲಿ ಒಮ್ಮೆ, ಪವಿತ್ರಾತ್ಮನ ಹೆಸರಿನಲ್ಲಿ ಒಮ್ಮೆ. ಅವಳನ್ನು ಮರಿಯಾ ಎಂದು ಕರೆದ. ನೀರು ಹಣೆಯಿಂದ ಕಿವಿಗೆ, ಕಿವಿಯಿಂದ ದಿಂಬಿಗೆ ಇಳಿಯಿತು. ಒಂದಿಷ್ಟು ಕೆನ್ನೆಯ ಮೇಲೆ ಹರಿದು ಬಂದಾಗ ಆಯಿ ನಾಲಿಗೆ ಚಾಚಿ ಅದನ್ನು ಹಿಡಿಯಲು ನೋಡಿದಳು. ನಾನು ಚರಿಗೆಗೆ ಕೈ ಹಾಕಿದೆ. ಅಪ್ಪ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದ.

"ತಡಿ. ಪ್ರಾರ್ಥನಿ ಮುಗೀಲಿ."

ಪ್ರಾರ್ಥನೆ ಮುಗಿಸಿ ಅವನು ಕಣ್ಣು ಒರೆಸಿಕೊಂಡ. ನಿಜವಾಗಿಯೂ ಅಳುತ್ತಿದ್ದ. ಮುಂದೆ ಎಷ್ಟೋ ಸಲ ನನ್ನ ಸಿಟ್ಟಿಗೆ ಅಡ್ಡ ಬಂದದ್ದು ಆ ಕಣ್ಣೀರೇ. ಚರಿಗೆಯ ತಳದಲ್ಲಿ ಎರಡು ಗುಟುಕು ಉಳಿದಿತ್ತು. ಅದನ್ನು ನಾನು ಆಯಿಯ ಬಾಯಿಗೆ ಹಿಡಿದೆ. ಅರ್ಧ ಒಳಗೆ ಹೋಯಿತು, ಅರ್ಧ ಗದ್ದಕ್ಕೆ ಇಳಿಯಿತು. ಅಷ್ಟರಲ್ಲಿ ದೊಡ್ಡವ್ವ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು, ಅಪ್ಪ ಹೊರಗೆ ಕಟ್ಟೆಗೆ ಹೋದ. ಮರುದಿನ ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುವ ಹೊತ್ತಿಗೆ ಆಯಿ ಹೋಗಿಬಿಟ್ಟಿದ್ದಳು.

ಊರ ಹೊರಗಿನ ಹೊಲದ ಬದುವಿನಲ್ಲಿ ಮುತ್ಯಾನನ್ನು, ಅಂದರೆ ಆಯಿಯ ಗಂಡನನ್ನು, ಮಣ್ಣು ಮಾಡಿದ್ದರು. ಅವನ ಮಗ್ಗುಲಲ್ಲೇ ಆಯಿಗೂ ಕುಣಿ ತೋಡಲು ದೊಡ್ಡಪ್ಪ ಜನರನ್ನು ಕಳಿಸುವುದರಲ್ಲಿದ್ದ. ಆಗ ಅಪ್ಪ ಅಂಗಳದಲ್ಲಿ ನಿಂತು, ತಮ್ಮ ತಾಯಿ ಕ್ರೈಸ್ತಳಾಗಿ ತೀರಿಕೊಂಡಿದ್ದಾಳೆ, ಕಲಬುರಗಿಯ ಚರ್ಚಿನ ಭೂಮಿಯಲ್ಲಿ ಮಣ್ಣು ಮಾಡಬೇಕು ಎಂದ. ಕೂತವರೆಲ್ಲ ಎದ್ದು ನಿಂತರು. ದೊಡ್ಡಪ್ಪ ಮೊದಲು ನಕ್ಕ, ಆಮೇಲೆ ಅವನ ಮುಖ ಕಪ್ಪಿಟ್ಟಿತು.

"ಯಾವಾಗ ಆದ್ಳೊ ಕ್ರಿಸ್ತಳು?"

"ನಿನ್ನಿ ಮಧ್ಯಾಹ್ನ. ಆಕಿ ತಾನಾಗೇ ಕೇಳಿದ್ಳು ಅಣ್ಣ. ನಾ ಕೊಟ್ಟೆ."

"ಸುಳ್ಳ ಹೇಳಬ್ಯಾಡ. ನಮ್ಮವ್ವ ನಿನ್ನ ಹೆಸರೇ ಕರೀಲಿಲ್ಲ, ನಿನ್ನ ದೇವರನ್ನ ಕರೀತಾಳ?"

"ರೀಟಾ ಇದ್ದಳು. ಆಕಿನ್ನ ಕೇಳು," ಎಂದ ಅಪ್ಪ.

ಅಷ್ಟೂ ಜನ ನನ್ನ ಕಡೆ ತಿರುಗಿದರು. ನಾನು ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದೆ. ದೊಡ್ಡಪ್ಪ ಹತ್ತಿರ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ಅತ್ತು ಅತ್ತು ಅವನ ಕಣ್ಣು ಕೆಂಪಾಗಿದ್ದವು.

"ಹೆದರಬ್ಯಾಡವ್ವ. ಆಯಿ ಕೇಳಿದ್ಳೇನು?"

ಅವನ ಭುಜದ ಮೇಲಿಂದ ಅಪ್ಪನ ಮುಖ ಕಾಣುತ್ತಿತ್ತು. ಅದರಲ್ಲಿ ಬೆದರಿಕೆ ಇರಲಿಲ್ಲ. ಆ ಮುಖವನ್ನು ನಾನು ದಿನಾ ಸಂಜೆ ನೋಡುತ್ತಿದ್ದೆ, ಬೆರಳು ಪುಟದ ನಡುವೆ ಇಟ್ಟುಕೊಂಡ ಮುಖ. ಸರಿಯಾದ ಉತ್ತರ ಯಾವುದು ಎಂದು ನನಗೆ ಗೊತ್ತಿತ್ತು.

"ನೀರು ಕೇಳಿದ್ಳು," ಎಂದೆ.

ಅದು ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಹೇಳಿಲ್ಲ. ದೊಡ್ಡಪ್ಪ ಮೊಣಕಾಲು ಹಿಡಿದುಕೊಂಡು ಎದ್ದು, "ಸಣ್ಣ ಹುಡುಗಿ, ಆಕಿ ಯಾಕ ಸುಳ್ಳ ಹೇಳ್ತಾಳ," ಎಂದು ಯಾರಿಗೋ ಹೇಳಿ ಹಿತ್ತಲಿಗೆ ಹೋದ. ಕೇರಿಯ ಹಿರಿಯರು ಬೇಡವೆಂದರು, ಹುಡುಗರು ಕೈ ಮಾಡಲು ಬಂದರು. ದೊಡ್ಡಪ್ಪನೇ ಅವರನ್ನು ತಡೆದ. ತಾಯಿಯ ಕಡೆಯ ಮಾತು ಅದಾಗಿದ್ದರೆ ಅದೇ ನಡೆಯಲಿ ಎಂದ. ಆಯಿಯನ್ನು ಜೀಪಿನಲ್ಲಿ ಕಲಬುರಗಿಗೆ ತಂದರು. ದೊಡ್ಡಪ್ಪ ಸ್ಮಶಾನದ ಗೇಟಿನ ಹೊರಗೇ ನಿಂತ, ಒಳಗೆ ಬರಲಿಲ್ಲ, ಮಣ್ಣು ಹಾಕಲಿಲ್ಲ. ಶಿಲುಬೆಯ ಮೇಲೆ ಮರಿಯಾ ಎಂದು ಬರೆಸಿದರು. ಹೋಗುವಾಗ ದೊಡ್ಡಪ್ಪ ಅಪ್ಪನಿಗೆ, "ಇನ್ನ ಕಮಲಾಪುರದಾಗ ಕಾಲಿಡಬ್ಯಾಡ," ಎಂದು ಹೇಳಿ ಹೋದ. ತಾಯಿಯನ್ನು ಬಿಟ್ಟುಕೊಟ್ಟವನು ಎಂದು ಅವನ ಕೇರಿಯವರೇ ಮುಂದೆ ಅವನನ್ನು ಆಡಿಕೊಂಡರು ಎಂದು ಕೇಳಿದೆ.

ಆ ಮೇಲಿನ ಮೂರು ವರ್ಷ ಅಪ್ಪ ಆ ಕತೆಯನ್ನು ಊರೂರಿಗೆ ಒಯ್ದ. ಅವನು ಹೇಳುವಾಗಲೆಲ್ಲ ಅದಕ್ಕೆ ಒಂದೊಂದು ಸೇರುತ್ತಿತ್ತು. ಮೊದಲು ಆಯಿ ಕ್ರೈಸ್ತಳಾಗುವ ದೀಕ್ಷೆಯ ನೀರು ಕೇಳಿದಳು. ಆಮೇಲೆ ಕೈ ಮುಗಿದು ಕೇಳಿದಳು, ಬಿದ್ದುಹೋದ ಎಡಗೈಯನ್ನೂ ಎತ್ತಿ. ಆಮೇಲೆ ನೀರು ಬಿದ್ದ ತಕ್ಷಣ ಅವಳು ವಾಲಿದ ಬಾಯಿ ನೆಟ್ಟಗಾಗಿ ನಕ್ಕಳು. ಪ್ರತಿ ಸಲ ಕೊನೆಯಲ್ಲಿ, "ನನ್ನ ಮಗಳು ಸಾಕ್ಷಿ," ಎಂದು ನನ್ನ ಕಡೆ ಕೈ ಮಾಡುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ಜನ ನನ್ನ ಕೆನ್ನೆ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದರು. ಮನೆಯ ಸಂಜೆಗಳು ಮೊದಲಿಗಿಂತ ಕೆಟ್ಟವು. ಸುಳ್ಳುಸಾಕ್ಷಿಯ ಮಾತು ಬಂದಾಗ, ಮಕ್ಕಳ ದಾರಿ ತಪ್ಪಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಮಾತು ಬಂದಾಗ ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಅವನು ಒಮ್ಮೆಯೂ ತಡವರಿಸಲಿಲ್ಲ. ಬೆರಳಿಟ್ಟು ಪುಸ್ತಕ ಮುಚ್ಚಿ, ಅವ್ವನ ಬಾಯಿಯ ಬಗ್ಗೆಯೋ ಸ್ಟೆಲ್ಲಾಳ ಸೋಮಾರಿತನದ ಬಗ್ಗೆಯೋ ಮಾತಾಡುತ್ತಿದ್ದ. ಆ ಪುಸ್ತಕ ಅವನೊಬ್ಬನನ್ನು ಬಿಟ್ಟು ಎಲ್ಲರನ್ನೂ ಬಲ್ಲದು ಎಂದು ನನಗೆ ಅನ್ನಿಸತೊಡಗಿತು. ಅವನನ್ನು ದ್ವೇಷಿಸಲು ಶುರುಮಾಡಿದ್ದು ಆಗ. ಪುಸ್ತಕವನ್ನೂ ದ್ವೇಷಿಸಬಹುದಿತ್ತು, ಆದರೆ ಅದರ ಮಾತುಗಳೆಲ್ಲ ಅಪ್ಪನ ವಿರುದ್ಧ ನನ್ನ ಪಕ್ಕದಲ್ಲಿ ನಿಂತ ಹಾಗೆ ಕಾಣುತ್ತಿದ್ದವು. ನಾನು ಕದ್ದು ಕದ್ದು ಅವನ್ನು ಬಾಯಿಪಾಠ ಮಾಡಿದೆ. ಇಂದು ನಾನು ಶುಭಸಂದೇಶದ ಮೇಲೆ ಬರೆಯಬಲ್ಲೆನಾದರೆ ಅದು ಭಕ್ತಿಯಿಂದ ಕಲಿತದ್ದಲ್ಲ.

ನನಗೆ ಹದಿಮೂರು ತುಂಬಿದ ವರ್ಷ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ ಸಂಜೆ, ನಮ್ಮ ಮನೆಯಲ್ಲಿ ಕೇರಿಯ ಪ್ರಾರ್ಥನಾ ಕೂಟವಿತ್ತು. ಹೊರಗಿನ ಕೋಣೆಯಲ್ಲಿ ಹದಿನೈದು ಜನ ಒತ್ತಿಕೊಂಡು ಕೂತಿದ್ದರು. ಮಂಗಳೂರು ಕಡೆಯಿಂದ ಹೊಸದಾಗಿ ಬಂದಿದ್ದ ಗುರುಗಳೂ ಇದ್ದರು. ಅವ್ವ ಒಳಗೆ ಎಲ್ಲರಿಗೂ ಚಹಾ ಕಾಸುತ್ತಿದ್ದಳು. ಅಂದಿನ ಶುಭಸಂದೇಶ ಬಾವಿಯ ದಂಡೆಯದು. ದಣಿದು ಕೂತ ಯೇಸು, ನೀರಿಗೆ ಬಂದ ಸಮಾರಿಯದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳುವುದು, ಅವಳು ಬೆರಗಾಗುವುದು. ನನ್ನನ್ನೇ ಓದಲು ಹೇಳಿದ್ದರು, ಓದಿದೆ. ಅಪ್ಪ ಚಿಂತನೆ ಶುರುಮಾಡಿದ. ಎರಡು ಮಾತು ಬಾವಿಯದು ಆಡಿ, ಕಮಲಾಪುರಕ್ಕೆ ಬಂದ. ನನ್ನ ತಾಯಿಯೂ ಹೀಗೆಯೇ ಜೀವಜಲ ಕೇಳಿದಳು ಎಂದ. ಕೈ ಮುಗಿದದ್ದು ಬಂತು, ನಕ್ಕಿದ್ದು ಬಂತು. ಆ ದಿನ ಹೊಸದೊಂದು ಸೇರಿತು. ಆಯಿ ಯೇಸುವಿನ ಹೆಸರು ಹೇಳಿ ಕಣ್ಣು ಮುಚ್ಚಿದಳಂತೆ.

"ನನ್ನ ಮಗಳು ಸಾಕ್ಷಿ. ಹೇಳವ್ವ ರೀಟಾ, ಆಯಿ ಏನ್ ಕೇಳಿದ್ಳು?"

"ಕುಡ್ಯಾಕ ನೀರು ಕೇಳಿದ್ಳು," ಎಂದೆ.

ಅಪ್ಪ ನಗುನಗುತ್ತಲೇ ತಲೆಯಾಡಿಸಿದ, ಸರಿಯಾಗಿ ಕೇಳಿಸಿರಲಿಲ್ಲ. ನಾನು ಮತ್ತೆ ಹೇಳಿದೆ. ಈ ಸಲ ನನ್ನ ದನಿ ಗಟ್ಟಿಯಾಗಿತ್ತು.

"ಆಯಿಗಿ ಬಾಯಾರಿತ್ತು. ಕುಡ್ಯಾಕ ಕೇಳಿದ್ಳು. ನಾ ತಂದ ನೀರು ನೀ ಹಣಿ ಮ್ಯಾಲ ಹಾಕಿದಿ. ಆಕಿ ಕೈ ಮುಗೀಲಿಲ್ಲ. ನಗಲಿಲ್ಲ. ಯಾರ ಹೆಸರೂ ಹೇಳಲಿಲ್ಲ. ನಾ ಕುಡಿಸ್ಲಿಕ್ಕ ಹೋದ್ರ ನೀ ನನ್ನ ಕೈ ಹಿಡದಿ."

ಒಳಗೆ ಚಹಾ ಉಕ್ಕಿ ಒಲೆಗೆ ಬಿದ್ದ ಸದ್ದು ಕೇಳಿತು. ಅವ್ವ ಅದನ್ನು ಇಳಿಸಲಿಲ್ಲ. ಗುರುಗಳು ಕೈಯಲ್ಲಿದ್ದ ಜಪಸರವನ್ನು ಜೇಬಿಗೆ ಹಾಕಿಕೊಂಡು, "ಪ್ರಭುದಾಸ್, ಇದು ನಿಜವಾ?" ಎಂದು ಮೆಲ್ಲಗೆ ಕೇಳಿದರು. ಅಪ್ಪ, ಹುಡುಗಿಗೆ ವಯಸ್ಸಿನ ಚೇಷ್ಟೆ, ಸೈತಾನನ ಕಾಲ ಇದು ಎಂದ. ಯಾರೂ ಚಹಾ ಕುಡಿಯಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಗುರುಗಳು ಅಪ್ಪನನ್ನು ಅಂಗಳಕ್ಕೆ ಕರೆದರು. ಹೊಸ್ತಿಲಲ್ಲಿ ನಿಂತಿದ್ದ ನನಗೆ ಅವರ ಮಾತು ಕೇಳುತ್ತಿತ್ತು. ಬೇಡಿದವರಿಗೆ ಕೊಡುವುದು ದೀಕ್ಷೆ, ಬೇಡದವರ ಮೇಲೆ ಸುರಿಯುವುದಲ್ಲ, ನೀವು ಮೊದಲು ನಿಮ್ಮ ಅಣ್ಣನ ಹತ್ತಿರ ಹೋಗಿ ಮಾತಾಡಿ, ಈ ಕತೆ ಹೇಳುವುದನ್ನು ಇವತ್ತಿಗೆ ನಿಲ್ಲಿಸಿ ಎಂದರು. ಅಪ್ಪ ಕೈ ಕಟ್ಟಿಕೊಂಡು ನಿಂತು ಕೇಳಿದ. ಕೊನೆಗೆ, "ಫಾದರ್, ನೀವು ಹುಟ್ಟಿನಿಂದ ಕ್ರಿಸ್ತರು. ತಾಯಿ ನರಕಕ್ಕ ಹೋಗೂದು ನೋಡ್ಕೋತ ಕೂಡೂದು ನಿಮಗ ಗೊತ್ತಿಲ್ಲ," ಎಂದ. ಗುರುಗಳು ಚಪ್ಪಲಿ ಮೆಟ್ಟಿ ಹೋದರು.

ಅಪ್ಪ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಬೇಗ ಮುಗಿಯುತ್ತಿತ್ತು. ಬೈಬಲ್ಲನ್ನು ಹಲಗೆಯ ಮೇಲಿಟ್ಟು, ಸ್ಟೆಲ್ಲಾಳಿಗೆ, "ನಿಮ್ಮಕ್ಕಗ ಹೇಳು, ಇವತ್ತಿನಿಂದ ಆಕಿ ಈ ಪುಸ್ತಕ ಮುಟ್ಟಬಾರದು," ಎಂದ. ಆ ದಿನದಿಂದ ನನ್ನ ಜೊತೆ ಅವನು ನೇರ ಮಾತಾಡಿದ್ದು ಬೆರಳಲ್ಲಿ ಎಣಿಸುವಷ್ಟು ಸಲ. ಆಕಿಗೆ ಹೇಳು, ಆಕಿನ್ನ ಕೇಳು, ಅಷ್ಟೇ. ನಾನು ಅಡುಗೆಮನೆಗೆ ಹೋದೆ. ಅವ್ವ ಒಲೆಯ ಮೇಲೆ ಚೆಲ್ಲಿದ ಚಹಾ ಒರೆಸುತ್ತಿದ್ದಳು. ಅವಳು ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ತಿರುಗಿಯೂ ನೋಡದೆ, "ನಂಗ ಗೊತ್ತಿತ್ತು," ಎಂದಳು.

"ಏನ್ ಗೊತ್ತಿತ್ತು?"

"ದಿಂಬು ತೊಯ್ದು ತಪ್ಪಡಿ ಆಗಿತ್ತಂತ ನಿಮ್ಮ ದೊಡ್ಡವ್ವ ಮಣ್ಣಿನ ದಿನಾನೇ ಹೇಳಿದ್ಳು. ಕೇಳ್ಕೊಂಡು ಹಾಕಿಸ್ಕೊಂಡಾಕಿ ದಿಂಬು ಹಂಗ ತೋಯಂಗಿಲ್ಲ. ತಲಿ ಎತ್ತಿ ಹಿಡೀತಾರ."

"ಮತ್ತ ಯಾಕ ಸುಮ್ನಿದ್ದಿ?"

"ನೀ ಯಾಕ ಸುಮ್ನಿದ್ದಿ?"

ಆ ಮಾತಿಗೆ ನಾನು ಅವಳ ಮೇಲೂ ಹಗೆ ಸಾಧಿಸಬಹುದಿತ್ತು. ಸ್ವಲ್ಪ ದಿನ ಸಾಧಿಸಿದೆ ಕೂಡ. ನಾನು ಹತ್ತು ವರ್ಷದವಳು, ಅವಳು ಮೂವತ್ತರವಳು, ಇಬ್ಬರ ಸುಮ್ಮನಿರುವಿಕೆಯನ್ನು ಅವಳು ಒಂದೇ ತಕ್ಕಡಿಗೆ ಹಾಕಿದಳಲ್ಲ ಎಂದು. ಆದರೆ ಮುಂದಿನ ವಾರ, ಅಪ್ಪ ಹಳ್ಳಿಗೆ ಹೋದ ಒಂದು ಬೆಳಿಗ್ಗೆ, ಅವಳು ನನ್ನ ಶಾಲೆಯ ಚೀಲ ಕಿತ್ತಿಟ್ಟು, "ನಡಿ, ಕಮಲಾಪುರಕ್ಕ ಹೋಗೂಣು. ಅಲ್ಲಿ ಹೇಳಿದ ಮಾತು ಅಲ್ಲೇ ಹಿಂದಕ್ಕ ತಗೋಬೇಕು," ಎಂದಳು. ಸ್ಟೆಲ್ಲಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಬಸ್ಸು ಹತ್ತಿದೆವು. ಕಮಲಾಪುರದಲ್ಲಿ ಇಳಿದು ಕೇರಿಯೊಳಗೆ ನಡೆಯುವಾಗ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕಟ್ಟೆಗಳ ಮೇಲೆ ಕೂತ ಹೆಂಗಸರು ಗುರುತು ಹಿಡಿದು ಮಾತು ನಿಲ್ಲಿಸಿದರು. ಯಾರೂ ಬಂದೇನವ್ವ ಎನ್ನಲಿಲ್ಲ.

ದೊಡ್ಡಪ್ಪ ಊಟಕ್ಕೆ ಕೂರುವುದರಲ್ಲಿದ್ದ. ನಮ್ಮನ್ನು ನೋಡಿ ಎದ್ದು ನಿಂತ. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವ್ವ ಹೊಸ್ತಿಲಾಚೆ ನಿಂತೇ, "ಭಾವರ, ನಾ ಏನೂ ಬೇಡಾಕ ಬಂದಿಲ್ಲರಿ. ಈಕಿ ಒಂದು ಮಾತು ಹೇಳೂದದ, ಕೇಳ್ರಿ," ಎಂದು ನನ್ನನ್ನು ಮುಂದೆ ತಳ್ಳಿದಳು. ನಾನು ಹೇಳಿದೆ. ಈ ಸಲ ಯಾವುದನ್ನೂ ಬಿಡಲಿಲ್ಲ. ಚರಿಗೆ, ಬಾಗಿಲ ಕಡೆ ನೋಡಿದ್ದು, ನಾಲಿಗೆ ಚಾಚಿದ್ದು, ನನ್ನ ಮಣಿಕಟ್ಟು. ದೊಡ್ಡವ್ವ ಒಳಗಿನಿಂದ ಸಣ್ಣಗೆ ಅಳತೊಡಗಿದಳು. ದೊಡ್ಡಪ್ಪ ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನೆಲ ನೋಡುತ್ತ ಕೇಳಿದ.

"ಅವತ್ತ ನಾ ನಿನ್ನ ಮುಂದ ಕುಂತು ಕೇಳಿದ್ದೆ," ಎಂದ. "ಅವತ್ತ ಹೇಳಿದ್ದಿ ಅಂದ್ರ ನಮ್ಮವ್ವ ಇಲ್ಲಿರತಿದ್ಳು. ಈಗ ಹೇಳಿ ಯಾರ ಹೊಟ್ಟಿ ತಣ್ಣಗ ಮಾಡ್ಕೊಳ್ಳಾಕತ್ತಿ? ನಂದಾ, ನಿಂದಾ?"

ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅವನ ಮುಖ ನೋಡಿದ ಮೇಲೆ ಕ್ಷಮೆ ಕೇಳುವುದೂ ಅವನಿಂದ ಇನ್ನೊಂದನ್ನು ಕಸಿದುಕೊಂಡಂತೆ ಅನ್ನಿಸಿತು. ಅವನೇ ಮತ್ತೆ ಕೇಳಿದ.

"ಕಡೀಗರೆ ಕುಡದಳೇನು?"

"ಚರಗಿ ತಳದಾಗ ಎರಡು ಗುಟುಕು ಉಳದಿತ್ತು ದೊಡ್ಡಪ್ಪ. ನಾ ಕುಡಿಸಿದೆ. ಅರ್ಧ ಒಳಗ ಹೋಯ್ತು."

ಅವನು ತಲೆಯಾಡಿಸಿದ. ಗೂಟಕ್ಕೆ ತೂಗುಹಾಕಿದ್ದ ಟವೆಲು ಹೆಗಲಿಗೆ ಹಾಕಿಕೊಂಡು, ಬಡಿಸಿಟ್ಟ ತಾಟು ಅಲ್ಲೇ ಬಿಟ್ಟು, ನಮ್ಮನ್ನು ದಾಟಿ ತೋಟದ ಕಡೆ ಹೊರಟ. ಹೊಸ್ತಿಲಲ್ಲಿ ಹೆಂಡತಿಗೆ, "ಬಿಸಲಾಗ ಬಂದಾರ, ಉಂಡು ಹೋಗಾಕ ಹೇಳು," ಎಂದ. ನಾವು ಉಂಡೆವು. ಬಿಸಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಕೊನೆಯಲ್ಲಿ ಒಂದೊಂದು ಕೆಂಪು ಬಾಳೆಹಣ್ಣು. ಬಡಿಸಿದ ದೊಡ್ಡವ್ವ ನಮ್ಮಿಬ್ಬರ ಮುಖವನ್ನೂ ನೋಡಲಿಲ್ಲ. ಬೇಡವೆಂದರೂ ಹಾಕಿದಳು, ಬೇಕೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಅವರ ಮನೆಯ ಅನ್ನ ನಾನು ತಿಂದದ್ದು ಅದೇ ಕೊನೆ. ದೊಡ್ಡಪ್ಪ ನಮ್ಮನ್ನು ಮತ್ತೆ ಕರೆಯಲಿಲ್ಲ, ನನ್ನ ಮದುವೆಗೂ ಬರಲಿಲ್ಲ. ಅದಕ್ಕೆ ನಾನು ಅವನನ್ನು ದೂರುವುದಿಲ್ಲ.

ನಮ್ಮನ್ನು ಬಸ್ಸಿನಲ್ಲಿ ನೋಡಿದವರು ಯಾರೋ ಅಪ್ಪನಿಗೆ ಹೇಳಿದ್ದರು. ಆ ಸಂಜೆ ಅವನು ಮೇಣದಬತ್ತಿ ಹಚ್ಚಿ ಕೂತು, ಒಳಗಿನ ಕೋಣೆಯ ಕಡೆ ಕೂಗಿದ. ಅವ್ವ ಹೋಗಲಿಲ್ಲ. ಒಲೆ ಹಚ್ಚಿದಳು, ಹಿಟ್ಟು ನಾದಿದಳು, ಆ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಯತೊಡಗಿದಳು. ಅಪ್ಪ ಬಾಗಿಲಿಗೆ ಬಂದ.

"ಪ್ರಾರ್ಥನಿಗಿ ಬರಂಗಿಲ್ಲೇನು?"

"ನಾ ಭಾನುವಾರ ಚರ್ಚಿಗಿ ಹೋಗ್ತೀನಿ," ಎಂದಳು ಅವ್ವ. "ದೇವರ ಮಾತು ಫಾದರ್ ಬಾಯಿಂದ ಕೇಳ್ತೀನಿ. ನಿಮ್ಮ ಬಾಯಿಂದ ಇನ್ನ ಕೇಳಂಗಿಲ್ಲ. ನನ್ನ ಮಕ್ಕಳೂ ಕೇಳಂಗಿಲ್ಲ."

ಅವನು ಅವಳನ್ನು ನೂಕಬಹುದಿತ್ತು, ತಾಟು ಒದೆಯಬಹುದಿತ್ತು. ಹಾಗೇನೂ ಮಾಡದೆ ಹಿಂದಕ್ಕೆ ಹೋಗಿ, ಒಬ್ಬನೇ ಜಪಸರ ಹೇಳಿ, ಗಟ್ಟಿಯಾಗಿ ಶುಭಸಂದೇಶ ಓದಿದ. ಓದಿ ಮುಗಿಸಿ ಪುಸ್ತಕ ಮುಚ್ಚಿದ ಸದ್ದು ಕೇಳಿತು. ಆಮೇಲೆ ಮಾತಿರಲಿಲ್ಲ. ಹೇಳಲು ಎದುರಿಗೆ ಯಾರೂ ಇರಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ. ಸ್ಟೆಲ್ಲಾ ಎರಡು ದಿನ ಹೋಗಿ ಅವನ ಪಕ್ಕ ಕೂತಳು, ಮೂರನೆಯ ದಿನ ಅವಳೂ ಅಡುಗೆಮನೆಗೆ ಬಂದಳು. ನಾವು ಮೂವರು ಒಲೆಯ ಸುತ್ತ ಕೂತು ಅವನು ಗೋಡೆಗೆ ಓದುವುದನ್ನು ಕೇಳುತ್ತಿದ್ದೆವು. ಕೇಳದಿರಲು ಆ ಮನೆಯಲ್ಲಿ ಜಾಗವಿರಲಿಲ್ಲ. ನನಗೆ ಅವನ ಮೇಲೆ ಕನಿಕರ ಬರಬಹುದೆಂದು ಕಾದೆ. ಬರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ ಅವನು ಬೆಟ್ಟದ ಮೇಲಿನ ಬೋಧನೆಯ ಭಾಗ ಓದುತ್ತಿದ್ದ. ಸೋದರನ ಮೇಲೆ ಕೋಪಗೊಂಡವನ ಮಾತು ಬಂತು. ಅದರ ನಂತರ ಬರುವುದು ಬಲಿಪೀಠದ ಮಾತು, ನನಗೆ ಬಾಯಿಪಾಠವಿತ್ತು. ಕಾಣಿಕೆ ಅರ್ಪಿಸುವಾಗ ನಿನ್ನ ಮೇಲೆ ನಿನ್ನ ಸೋದರನಿಗೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಒಂದಾಗು ಎನ್ನು‌ವ ಎರಡು ಸಾಲು. ಅಪ್ಪ ನಿಲ್ಲಿಸಿದ. ಅವನಿಗೆ ಕೆಮ್ಮು ಬಂದಿರಬಹುದು, ಪುಟ ತಿರುವುತ್ತಿರಬಹುದು ಎಂದುಕೊಂಡೆ. ಕೆಮ್ಮಿನ ಸದ್ದೂ ಇಲ್ಲ, ಪುಟದ ಸದ್ದೂ ಇಲ್ಲ. ಅವ್ವನ ಕೈ ಹಿಟ್ಟು ನಾದುವ ಕೊಣಮಿಗೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅವನ ದನಿ ಮತ್ತೆ ಶುರುವಾಯಿತು, ಮೊದಲಿನಷ್ಟೇ ಗಟ್ಟಿಯಾಗಿ, ನ್ಯಾಯಸ್ಥಾನಕ್ಕೆ ಹೋಗುವ ದಾರಿಯಲ್ಲಿ ವಿರೋಧಿಯ ಜೊತೆ ರಾಜಿಯಾಗುವ ಮಾತಿನಿಂದ.

ಅವ್ವನಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಹದಿನೈದು ವರ್ಷ ಆ ಪುಸ್ತಕವನ್ನು ಕಿವಿಯಿಂದಲೇ ಕೇಳಿದವಳು.

"ನಡಬರಕ ಎರಡು ಸಾಲು ಬಿಟ್ರು," ಎಂದಳು, ರೊಟ್ಟಿಯನ್ನು ಹಂಚಿಗೆ ಹಾಕುತ್ತ.